ಯೂಸ್‌ನೆಟ್ ವಿಂಗಡಣೆಯ ಹಿಂದಿದ್ದ ಫೋನ್ ಬಿಲ್

ಫೇಸ್‌ಬುಕ್ ಹುಟ್ಟೋಕೆ ಇಪ್ಪತ್ತು ವರ್ಷಕ್ಕೂ ಮೊದಲೇ ಯೂಸ್‌ನೆಟ್ ಇತ್ತು, ಅಂದರೆ ಕಂಪ್ಯೂಟರ್‌ಗಳ ಮೂಲಕ ಬೇರೆಬೇರೆ ವಿಷಯದ ಗುಂಪುಗಳಲ್ಲಿ ಬರಹ ಹಾಕಿ ಚರ್ಚೆ ಮಾಡುವ ಜಾಲ. ಅದನ್ನು ಬಳಸಿದ ಹಳಬರದ್ದು ಇವತ್ತಿಗೂ ಒಂದೇ ಹಾಡು. ಅಲ್ಲಿ ಎಲ್ಲವೂ ವಿಷಯವಾರು ಅಚ್ಚುಕಟ್ಟಾಗಿತ್ತು, ಈಗಿನ ಗದ್ದಲ ಇರಲಿಲ್ಲ ಅಂತ. ಅಚ್ಚುಕಟ್ಟಾಗಿತ್ತು, ಒಪ್ಪುತ್ತೇನೆ. ಆದರೆ ಆ ಅಚ್ಚುಕಟ್ಟಿನ ಹಿಂದೆ ಇದ್ದದ್ದು ದೊಡ್ಡ ಜ್ಞಾನಪ್ರೇಮವೇನಲ್ಲ, ಫೋನ್ ಬಿಲ್.

1979ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ ಇದನ್ನು ಯೋಚಿಸಿದರು. ಇದಕ್ಕೆ ಕೇಂದ್ರ ಅಂತ ಒಂದು ಕಂಪ್ಯೂಟರ್ ಇರಲಿಲ್ಲ. ರಾತ್ರಿ ದರ ಕಡಿಮೆ ಇರುವಾಗ ಒಂದು ಊರಿನ ಕಂಪ್ಯೂಟರ್ ಇನ್ನೊಂದು ಊರಿನದ್ದಕ್ಕೆ ಫೋನ್ ಮಾಡಿ ಬರಹಗಳನ್ನು ದಾಟಿಸುತ್ತಿತ್ತು. ಕರೆಯ ಖರ್ಚು ಆಯಾ ಸಂಸ್ಥೆಯದ್ದು. ಯಾರೋ ಎಲ್ಲೋ ಜಗಳ ಆಡಿದರೆ ದುಡ್ಡು ಕೊಡಬೇಕಾದವರು ಇನ್ಯಾರೋ!

ಮೊದಮೊದಲು ಬಹುಪಾಲು ಗುಂಪುಗಳ ಹೆಸರು 'ನೆಟ್' ಅಂತಲೇ ಶುರುವಾಗುತ್ತಿತ್ತು. ಗುಂಪುಗಳು ಜಾಸ್ತಿಯಾದವು. ಬರಹಗಳು ಅಟ್ಲಾಂಟಿಕ್ ದಾಟಿ ಆಮ್‌ಸ್ಟರ್‌ಡ್ಯಾಮ್‌ಗೆ ಹೋಗಬೇಕಿತ್ತಲ್ಲ, ಧರ್ಮ ರಾಜಕೀಯದ ಕಿತ್ತಾಟಕ್ಕೆಲ್ಲ ನಾವ್ಯಾಕೆ ದುಡ್ಡು ಕೊಡಬೇಕು ಎಂದು ಯುರೋಪಿನವರು ತಕರಾರು ತೆಗೆದರು. 1986-87ರಲ್ಲಿ ಹೆಸರುಗಳನ್ನೆಲ್ಲ ಬದಲಾಯಿಸಲಾಯಿತು. ಕಾಂಪ್ (ಕಂಪ್ಯೂಟರ್), ಸೈ (ವಿಜ್ಞಾನ), ರೆಕ್ (ಹವ್ಯಾಸ, ಮನರಂಜನೆ), ಸೋಕ್ (ಸಮಾಜ), ನ್ಯೂಸ್ (ಯೂಸ್‌ನೆಟ್‌ನದ್ದೇ ವಿಷಯ), ಮಿಸ್ಕ್ (ಇತರೆ), ಟಾಕ್ (ವಾದ-ವಿವಾದ) ಎಂದು ಏಳು ವಿಭಾಗ. ಮರದ ಹಾಗೆ ದೊಡ್ಡ ಕೊಂಬೆಯಿಂದ ಸಣ್ಣ ರೆಂಬೆಗೆ ಹೆಸರು ಇಳಿಯುತ್ತಿತ್ತು: ರೆಕ್.ಮ್ಯೂಸಿಕ್.ಇಂಡಿಯನ್.ಕ್ಲಾಸಿಕಲ್, ಹೀಗೆ. ಬೇಡವಾದ ಕೊಂಬೆಯನ್ನು ಒಂದೇ ಏಟಿಗೆ ಕಡಿಯಬಹುದು. 'ಟಾಕ್' ಇದ್ದದ್ದು ಹೆಚ್ಚುಕಡಿಮೆ ಅದಕ್ಕೇ. ಗರ್ಭಪಾತದ ವಾದ, ಸೃಷ್ಟಿಯೋ ವಿಕಾಸವೋ ಎಂಬ ಜಗಳ ಎಲ್ಲವೂ ಅಲ್ಲಿಗೆ. ಖರ್ಚು ಉಳಿಸಬೇಕಾದ ಕಡೆ 'ಟಾಕ್ ಬೇಡ' ಎಂದು ಒಂದು ಸಾಲು ಬರೆದರೆ ಮುಗೀತು.

ಇದನ್ನು ತೀರ್ಮಾನಿಸಿದವರು ಬರಹ ದಾಟಿಸುವ ದೊಡ್ಡ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುತ್ತಿದ್ದ ಕೆಲವೇ ಜನ. ಇವರ ಯಜಮಾನಿಕೆಗೆ ಸಿಟ್ಟಾದವರೂ ಇದ್ದರು. ಬ್ರಯನ್ ರೀಡ್ ಎಂಬಾತನಿಗೆ ತನ್ನ ಅಡುಗೆ ಗುಂಪಿಗೆ ಅವರು ಕೊಟ್ಟ ಹೊಸ ಹೆಸರು ಹಿಡಿಸಲಿಲ್ಲ. ಜಾನ್ ಗಿಲ್ಮೋರ್ ಕೇಳಿದ ಮಾದಕವಸ್ತು ಚರ್ಚೆಯ ಗುಂಪಿಗೆ ಅವರು ಒಪ್ಪಲಿಲ್ಲ. 1987ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಬಾರ್ಬೆಕ್ಯೂ ಹೋಟೆಲಿನಲ್ಲಿ ಇವರಿಬ್ಬರು, ಜೊತೆಗೆ ಗಾರ್ಡನ್ ಮಾಫೆಟ್, ಕೂತು 'ಆಲ್ಟ್' (ಪರ್ಯಾಯ) ಎಂಬ ಹೊಸ ವಿಭಾಗಕ್ಕೆ ನಾಂದಿ ಹಾಡಿದರು. ಅಲ್ಲಿ ಮತದಾನವಿಲ್ಲ, ಅಪ್ಪಣೆಯಿಲ್ಲ. ಕಸ ಬೆಟ್ಟದಷ್ಟು ಬಂತು. ಆದರೆ 1991ರ ಆಗಸ್ಟ್‌ನಲ್ಲಿ ಟಿಮ್ ಬರ್ನರ್ಸ್-ಲೀ ತನ್ನ ವರ್ಲ್ಡ್ ವೈಡ್ ವೆಬ್ ಬಗ್ಗೆ ಬರೆದದ್ದೂ ಆಲ್ಟ್.ಹೈಪರ್‌ಟೆಕ್ಸ್ಟ್ ಗುಂಪಿನಲ್ಲೇ. ಶಿಸ್ತಿನ ವಿಭಾಗಗಳನ್ನೇ ಹೊಗಳುವವರು ಇದನ್ನು ಸುಮ್ನೆ ದಾಟಿಬಿಡುತ್ತಾರೆ.

ಒಂದು ವಿಷಯದಲ್ಲಿ ಮಾತ್ರ ನಾನು ಹಳಬರ ಕಡೆ. ಅಲ್ಲಿ ಬರೆಯೋ ಮೊದಲು ಯಾವ ಗುಂಪಿಗೆ ಎಂದು ಆರಿಸಲೇಬೇಕಿತ್ತು. ಓದುವವರು ವಿಷಯಕ್ಕೆ ಬರುತ್ತಿದ್ದರು, ನಿಮ್ಮ ಮುಖ ನೋಡೋಕಲ್ಲ. ಇಲ್ಲಿ ನನ್ನ ಫೇಸ್‌ಬುಕ್ ಗೋಡೆಯ ಮೇಲೆ ಕ್ರಿಕೆಟ್, ಸಾವಿನ ಸುದ್ದಿ, ಚುನಾವಣೆ ಎಲ್ಲ ಒಂದರ ಮೇಲೊಂದು ಬೀಳುತ್ತವೆ.

ನಮ್ಮ ಪಾಲಿಗೂ ಒಂದು ಗುಂಪಿತ್ತು, ಸೋಕ್.ಕಲ್ಚರ್.ಇಂಡಿಯನ್.ಕರ್ನಾಟಕ. ಹೊರದೇಶದ ಕನ್ನಡಿಗರು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದುಕೊಂಡು ಅಲ್ಲಿ ಸೇರುತ್ತಿದ್ದರು. ಆ ವಿಳಾಸ ನೋಡಿದರೆ ನನಗೆ ಸ್ವಲ್ಪ ಕಸಿವಿಸಿ. ಅಮೆರಿಕನ್ನರ ಪುಸ್ತಕ, ಸಿನಿಮಾ, ಅಡುಗೆಗೆ 'ರೆಕ್' ಒಳಗೆ ಬೇರೆಬೇರೆ ಕೋಣೆ. ನಮ್ಮ ಕುವೆಂಪು, ಕಾವೇರಿ, ಸಾರಿನ ಪುಡಿ, ಎಲ್ಲವೂ 'ಕಲ್ಚರ್' ಎಂಬ ಒಂದೇ ಕೋಣೆಗೆ. ಭಾರತೀಯ ಸಂಗೀತ, ಸಿನಿಮಾದಂಥ ಕೆಲವಕ್ಕೆ ಮಾತ್ರ 'ರೆಕ್' ಒಳಗೆ ಜಾಗ ಸಿಕ್ಕಿತ್ತು. ಆ ಏಳು ವಿಭಾಗಗಳಲ್ಲಿ ಹೊಸ ಗುಂಪು ಬೇಕಿದ್ದರೆ 'ಬೇಡ'ಕ್ಕಿಂತ 'ಬೇಕು' ಎನ್ನುವ ಮತ 100 ಜಾಸ್ತಿ ಬರಬೇಕು, ಒಟ್ಟು ಮತದಲ್ಲಿ ಮೂರನೇ ಎರಡು ಪಾಲೂ ಇರಬೇಕು ಎಂಬ ನಿಯಮ. ಆಗ ನೆಟ್ ಸಿಗುತ್ತಿದ್ದ ಕನ್ನಡಿಗರೇ ಎಷ್ಟು ಜನ? ಕನ್ನಡ ಪುಸ್ತಕಕ್ಕೆಂದೇ ಅಷ್ಟು ಮತ ಎಲ್ಲಿಂದ ತರೋದು, ಅಲ್ವಾ?