ಅಧ್ಯಕ್ಷರ ಯಜಮಾನರಾಗುವ ಬಗೆ

ಚುನಾವಣೆಗೆ ನಿಲ್ಲದೆ, ಪ್ರಮಾಣ ವಚನ ತೆಗೆದುಕೊಳ್ಳದೆ, ಆಸ್ತಿ ವಿವರ ಸಲ್ಲಿಸದೆ ಗ್ರಾಮ ಪಂಚಾಯಿತಿಯಲ್ಲಿ ಹಿಡಿಯಬಹುದಾದ ಹುದ್ದೆ ಒಂದೇ ಒಂದು. ಅದು ಅಧ್ಯಕ್ಷೆಯ ಗಂಡನದು. 1993ರ ಪಂಚಾಯತ್ ರಾಜ್ ಕಾಯ್ದೆಯನ್ನು ಮೊದಲ ಪುಟದಿಂದ ಕೊನೆಯ ಅನುಸೂಚಿಯವರೆಗೆ ತಿರುವಿ ಹಾಕಿದರೂ ಈ ಹುದ್ದೆಯ ಹೆಸರು ಸಿಗುವುದಿಲ್ಲ. ಪಂಚಾಯಿತಿ ಕಚೇರಿಗೆ ಹೋದರೆ ಇವರನ್ನು ಬಿಟ್ಟು ಬೇರೆ ಯಾರೂ ಸಿಗುವುದಿಲ್ಲ.

ಹುದ್ದೆಗೆ ಒಳ್ಳೆಯ ಭವಿಷ್ಯವಿದೆ. 1983ರ ಕಾಯ್ದೆಯಲ್ಲಿ ಮಹಿಳೆಯರಿಗೆ ಶೇ 25 ಮೀಸಲಾತಿ ಇಟ್ಟು 1987ರಲ್ಲಿ ಚುನಾವಣೆ ನಡೆಸಿದ ರಾಜ್ಯ ನಮ್ಮದು. ಸಂವಿಧಾನದ 73ನೇ ತಿದ್ದುಪಡಿ ಬಂದಾಗ ಅದು ಮೂರನೇ ಒಂದು ಭಾಗವಾಯಿತು, 2010ರಲ್ಲಿ ಅರ್ಧಕ್ಕೆ ಬಂತು. ಕೋಟಾ ಏರಿದ ಹಾಗೆಲ್ಲ ಯಜಮಾನರ ಸೀಟೂ ಏರಿತು. ರಾಜ್ಯದಲ್ಲಿ ಸುಮಾರು 6 ಸಾವಿರ ಪಂಚಾಯಿತಿಗಳಿವೆ, ಅರ್ಧ ಅಂದರೆ 3 ಸಾವಿರ. ಅಧ್ಯಕ್ಷರ ಅವಧಿ 30 ತಿಂಗಳು, ಹೀಗಾಗಿ ಐದು ವರ್ಷಕ್ಕೆ ಎರಡು ಬ್ಯಾಚು. ಅರ್ಜಿ ಇಲ್ಲ, ಪರೀಕ್ಷೆ ಇಲ್ಲ, ಪ್ರಶ್ನೆಪತ್ರಿಕೆ ಸೋರಿಕೆಯೂ ಇಲ್ಲ. ತಾಳಿ ಕಟ್ಟಿದ ದಿನವೇ ಆಯ್ಕೆ ಪಟ್ಟಿ ಅಂತಿಮ.

ಕೆಲಸ ಶುರುವಾಗುವುದು ಮೀಸಲಾತಿ ಪಟ್ಟಿ ಹೊರಬಿದ್ದ ದಿನ. ಎರಡು ವರ್ಷದಿಂದ ಗಣೇಶೋತ್ಸವಕ್ಕೆ ಚಂದಾ ಕೊಟ್ಟು, ಸತ್ತವರ ಮನೆಗೆಲ್ಲ ಹೋಗಿ ಬಂದು ಊರು ಹದ ಮಾಡಿಟ್ಟುಕೊಂಡ ಗಂಡಸಿಗೆ ‘ನಮ್ಮ ವಾರ್ಡಿಗೆ ಸಾಮಾನ್ಯ ಮಹಿಳೆ ಬಂತು’ ಎಂಬ ಸುದ್ದಿ ಸಿಡಿಲಿನಂತೆ ಬಡಿಯುತ್ತದೆ. ಅರ್ಧ ಗಂಟೆ ಮಾತು ನಿಲ್ಲುತ್ತದೆ. ಆಮೇಲೆ, ಮದುವೆಯಾಗಿ ಹದಿನೆಂಟು ವರ್ಷದಲ್ಲಿ ಮೊದಲ ಸಲ, ಹೆಂಡತಿಯ ಆಧಾರ್ ಕಾರ್ಡು ಎಲ್ಲಿದೆ ಎಂದು ಹುಡುಕುತ್ತಾನೆ. ನಾಮಪತ್ರದ ಠೇವಣಿ ಸಾಮಾನ್ಯ ಅಭ್ಯರ್ಥಿಗೆ 200 ರೂಪಾಯಿ, ಮಹಿಳೆಗೆ 100. ಸಬಲೀಕರಣದ ಮೊದಲ ಕಂತು ಹೀಗೆ ಗಂಡನ ಜೇಬಿನಲ್ಲೇ ಉಳಿಯುತ್ತದೆ.

ಬ್ಯಾನರ್ ಮಾಡಿಸುವಾಗ ಅಳತೆ ತಪ್ಪಬಾರದು. ಆರಡಿ ಅಗಲದ ಫ್ಲೆಕ್ಸಿನಲ್ಲಿ ಮೂರಡಿ ಕೈಮುಗಿದ ಯಜಮಾನರು, ಒಂದಡಿ ಶಾಸಕರು, ಅರ್ಧ ಅಡಿ ಮನೆದೇವರು. ಉಳಿದ ಮೂಲೆಯಲ್ಲಿ, ಮತದಾರರ ಗುರುತಿನ ಚೀಟಿಯಿಂದ ಕತ್ತರಿಸಿ ಹಿಗ್ಗಿಸಿದ, ಸ್ವಲ್ಪ ಗಾಬರಿಯಾಗಿ ಕಾಣುವ ಅಭ್ಯರ್ಥಿ. ಹೆಸರಿನ ವಿಷಯದಲ್ಲಿ ಚಿಂತೆಯಿಲ್ಲ, ನಮ್ಮ ಕಂದಾಯ ಇಲಾಖೆ ಎಂದೋ ದಾರಿ ಮಾಡಿಟ್ಟಿದೆ. ಇಂಥವಳು ‘ಕೋಂ’ ಇಂಥವನು. ಆ ‘ಕೋಂ’ ಆದಮೇಲಿನ ಹೆಸರನ್ನು ಮಾತ್ರ ದಪ್ಪ ಅಕ್ಷರದಲ್ಲಿ ಹಾಕಿಸಿದರಾಯಿತು.

ಗೆದ್ದ ಮೇಲೆ ಅಧ್ಯಕ್ಷ ಸ್ಥಾನಕ್ಕೆ ಸದಸ್ಯರ ತಲೆ ಎಣಿಕೆ, ಅದಕ್ಕೆ ಮುಂಚೆ ಪ್ರವಾಸ. ಮಹಿಳಾ ಸದಸ್ಯರ ಮತ ಭದ್ರವಾಗಿಡಲು ಅವರ ಗಂಡಂದಿರನ್ನು ಗೋವಾಕ್ಕೆ ಕರೆದೊಯ್ಯುವ ಪದ್ಧತಿಯ ಹಿಂದಿನ ತರ್ಕ ಕೇಳಬೇಡಿ. ತರ್ಕವಿದೆ.

ಇನ್ನು ಬಿಡಿಭಾಗಗಳು. ಅಧಿಕಾರ ಅನ್ನುವುದು ಅಮೂರ್ತವಾದದ್ದು ಎಂದು ರಾಜ್ಯಶಾಸ್ತ್ರದ ಮೇಷ್ಟ್ರು ಹೇಳುತ್ತಾರೆ. ಅವರು ಪಂಚಾಯಿತಿ ಕಚೇರಿ ನೋಡಿಲ್ಲ. ಅಲ್ಲಿ ಅದನ್ನು ಬಿಚ್ಚಿ ಮೇಜಿನ ಮೇಲೆ ಇಡಬಹುದು: ಒಂದು ಕುರ್ಚಿ, ಅದರ ಬೆನ್ನಿಗೆ ಬಿಳಿ ಟರ್ಕಿ ಟವೆಲು, ಒಂದು ಮೊಬೈಲ್ ನಂಬರು, ನಡವಳಿ ಪುಸ್ತಕ, ಡಿಜಿಟಲ್ ಸಹಿ ತುಂಬಿಟ್ಟ ಒಂದು ಪುಟ್ಟ ಡೋಂಗಲ್.

ಕುರ್ಚಿಯಲ್ಲಿ ಕೂರಬೇಡಿ. ಹೊಸಬರು ಇಲ್ಲೇ ಎಡವುವುದು. ಅಧ್ಯಕ್ಷರ ಕುರ್ಚಿಯಲ್ಲಿ ಗಂಡ ಕೂತ ಫೋಟೊ ಯಾರಾದರೂ ತೆಗೆದರೆ ಮರುದಿನ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಬರುತ್ತದೆ, ತಾಲ್ಲೂಕು ಪಂಚಾಯಿತಿಯಿಂದ ನೋಟಿಸು ಬರುತ್ತದೆ, ಅದೂ ಹೆಂಡತಿಯ ಹೆಸರಿಗೆ. ಪಳಗಿದವರು ಪಕ್ಕಕ್ಕೆ ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು, ಮೇಜಿನ ಮೇಲೆ ಮೊಣಕೈ ಊರಿ ಕೂರುತ್ತಾರೆ. ಕುರ್ಚಿ ಯಾರದಾದರೇನು, ಮೇಜು ಯಾರ ಕೈಕೆಳಗಿದೆ ಎಂಬುದು ಮುಖ್ಯ. ಸಭೆಯ ದಿನ ಒಳಗೆ ಬಿಡದಿದ್ದರೆ ಕಿಟಕಿಯ ಹೊರಗೆ ಬೈಕಿನ ಮೇಲೆ ಕೂರಬೇಕು. ಬೀಡಿ ಹಚ್ಚಿದರೆ ಒಪ್ಪಿಗೆ, ಕೆಮ್ಮಿದರೆ ಮುಂದೂಡಿಕೆ.

ಮೊಬೈಲ್ ನಂಬರು ಅತಿ ಮುಖ್ಯ. ಇಲಾಖೆಯ ಪಟ್ಟಿಯಲ್ಲಿ ಅಧ್ಯಕ್ಷರ ಹೆಸರಿನ ಮುಂದೆ ನಿಮ್ಮ ನಂಬರು ಬರೆಸಿ. ಮುಂದಿನ 30 ತಿಂಗಳು ‘ಹಲೋ, ಅಧ್ಯಕ್ಷರಾ?’ ಎಂಬ ಪ್ರಶ್ನೆಗೆ ಗಂಡು ಧ್ವನಿಯಲ್ಲಿ ‘ಹೌದು, ಹೇಳಿ’ ಎನ್ನಿ. ಎಂಜಿನಿಯರು, ಶಾಸಕರ ಆಪ್ತ ಸಹಾಯಕ, ನೀರುಗಂಟಿ, ಯಾರೂ ಬೆಚ್ಚುವುದಿಲ್ಲ. ಆರು ತಿಂಗಳಾಗುವಷ್ಟರಲ್ಲಿ ವ್ಯಾಕರಣವೇ ಬದಲಾಗಿರುತ್ತದೆ. ಊರವರು ‘ಅಧ್ಯಕ್ಷರು’ ಎಂದರೆ ನೀವು. ‘ಅಧ್ಯಕ್ಷರ ಹೆಂಡತಿ ಯಾರು?’ ಎಂದು ಹೊರಗಿನವರು ಕೇಳಿದರೆ, ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿರುವ ಅಧ್ಯಕ್ಷರನ್ನು ತೋರಿಸುತ್ತಾರೆ.

ನಡವಳಿ ಪುಸ್ತಕ ಮನೆಗೆ ಬರುತ್ತದೆ. ಸಾಮಾನ್ಯ ಸಭೆಗೆ 7 ದಿನ ಮೊದಲು ನೋಟಿಸು ಕೊಡಬೇಕು ಎನ್ನುತ್ತದೆ ಕಾಯ್ದೆ. ಅಧ್ಯಕ್ಷೆಗೆ ಮಾತ್ರ ಸಭೆ ಮುಗಿದು ಏಳು ದಿನದ ಮೇಲೆ ಗೊತ್ತಾಗುತ್ತದೆ, ರಾತ್ರಿ ಊಟದ ಹೊತ್ತಿಗೆ, ‘ಇಲ್ಲೊಂದು ಸೈನ್ ಹಾಕು’ ಎಂಬ ರೂಪದಲ್ಲಿ. ಮುದ್ದೆ ತೊಳಸಿದ ಕೈ ಒರೆಸಿಕೊಂಡು ಆಕೆ ಸಹಿ ಹಾಕುವ ಜಾಗದ ಮೇಲಿನ ಪುಟದಲ್ಲಿ ‘ಸಭೆಯು ಅಧ್ಯಕ್ಷರ ಸ್ವಾಗತ ಭಾಷಣದೊಂದಿಗೆ ಪ್ರಾರಂಭವಾಯಿತು, ಸವಿಸ್ತಾರವಾಗಿ ಚರ್ಚಿಸಿ ತೀರ್ಮಾನಿಸಲಾಯಿತು’ ಎಂದು ಆಗಲೇ ಬರೆದಿರುತ್ತದೆ. ಸೊಪ್ಪುಸಾರಿನ ಕಲೆ ಬೀಳದಂತೆ ನೋಡಿಕೊಳ್ಳಿ, ಪಂಚಾಯಿತಿಯ ಲೆಕ್ಕ ತಪಾಸಣೆ ಮಾಡುವ ಜಮಾಬಂದಿಯಲ್ಲಿ ಆ ಕಲೆ ಮಾತಾಡುತ್ತದೆ.

ಡೋಂಗಲ್ಲೇ ಈ ಯಂತ್ರದ ಹೃದಯ. ಮೊದಲು ಚೆಕ್ ಇತ್ತು, ಖಾಲಿ ಹಾಳೆಗಳಿಗೆ ಒಟ್ಟಿಗೆ ಸಹಿ ಹಾಕಿಸಿ ಇಟ್ಟುಕೊಂಡರೆ ಮುಗಿಯುತ್ತಿತ್ತು. ಭ್ರಷ್ಟಾಚಾರ ತಡೆಯಲು ಸರ್ಕಾರ ಡಿಜಿಟಲ್ ಸಹಿ ತಂದಿತು. ಹಣಕಾಸು ಆಯೋಗದ ದುಡ್ಡು ಬಿಡುಗಡೆಯಾಗಬೇಕಾದರೆ ಒಬ್ಬರು ಬಿಲ್ಲು ತಯಾರಿಸಬೇಕು, ಇನ್ನೊಬ್ಬರು ಪರಿಶೀಲಿಸಿ ಒಪ್ಪಬೇಕು. ಕಡತದ ಪ್ರಕಾರ ಎರಡು ಕೈ, ಎರಡು ತಲೆ, ಎರಡು ಕೀಲಿ. ನಿಜದಲ್ಲಿ ಅಧ್ಯಕ್ಷರ ಡೋಂಗಲ್ ಗಂಡನ ಬೈಕಿನ ಕೀಗೊಂಚಲಲ್ಲಿ ಮನೆದೇವರ ಬಿಲ್ಲೆಯ ಜೊತೆ ತೂಗುತ್ತಿರುತ್ತದೆ, ಅಥವಾ ಕಂಪ್ಯೂಟರ್ ಆಪರೇಟರಿನ ಡ್ರಾಯರಿನಲ್ಲಿ ಮಲಗಿರುತ್ತದೆ. ಪಿನ್ ಮರೆಯಬಾರದೆಂದು ಅದರ ಬೆನ್ನಿಗೇ ಬಿಳಿ ಪ್ಲಾಸ್ಟರ್ ಅಂಟಿಸಿ ಬರೆದಿರುತ್ತಾರೆ. ಚೆಕ್ಕಿಗೆ ಹೆಂಡತಿಯ ಕೈಯಾದರೂ ಬೇಕಿತ್ತು. ಡಿಜಿಟಲ್ ಭಾರತ ಆ ತೊಂದರೆಯನ್ನೂ ತಪ್ಪಿಸಿತು.

ಹೀಗೆ ಬಿಡುಗಡೆಯಾಗುವ ಹಣದಲ್ಲೂ ಲೆಕ್ಕ ತಿಳಿದಿರಬೇಕು. 2021ರಿಂದ 2026ರವರೆಗಿನ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60 ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟುಬಿದ್ದಿತ್ತು. ಆದ್ದರಿಂದ ಮೋಟಾರಿನಷ್ಟು ಉಪಕಾರಿಯಾದ ಪ್ರಾಣಿ ಪಂಚಾಯಿತಿಯಲ್ಲಿ ಇನ್ನೊಂದಿಲ್ಲ. ನೂರಾರು ಅಡಿ ಆಳದಲ್ಲಿರುವ ಕೊಳವೆಬಾವಿ ಮೋಟಾರು ಸುಟ್ಟಿತೋ ಇಲ್ಲವೋ ಯಾರು ಇಳಿದು ನೋಡಿದ್ದಾರೆ? ಒಂದೇ ಮೋಟಾರು ವರ್ಷಕ್ಕೆ ಮೂರು ಸಲ ಸುಟ್ಟು, ಮೂರು ಸಲ ರಿವೈಂಡ್ ಆಗಿ, ಮೂರು ಸಲ ಎತ್ತಿ ಇಳಿಸಿದ ಕೂಲಿ ಪಡೆಯಬಹುದು. ನಾಲ್ಕನೇ ಸಲ ಸುಡಬೇಡಿ. ಆಡಿಟ್‌ನವರಿಗೂ ಎಣಿಸಲು ಬರುತ್ತದೆ. ಗುತ್ತಿಗೆಯನ್ನು ಸ್ವಂತ ಹೆಸರಿನಲ್ಲಿ ಹಿಡಿಯಬೇಡಿ, ಹೆಂಡತಿಯ ಸದಸ್ಯತ್ವಕ್ಕೇ ಕುತ್ತು ಬರುತ್ತದೆ. ಭಾವಮೈದುನ ಇರುವುದು ಯಾತಕ್ಕೆ?

ಎಲ್ಲಕ್ಕಿಂತ ಚಂದದ ವಿನ್ಯಾಸ ಇರುವುದು ಹೊಣೆಗಾರಿಕೆಯಲ್ಲಿ. ಆದೇಶ ನಿಮ್ಮದು, ಸಹಿ ಅವಳದು. ಲೆಕ್ಕ ಪರಿಶೋಧನೆಯಲ್ಲಿ ಆಕ್ಷೇಪ ಬಂದು ವಸೂಲಿಗೆ ಬರೆದರೆ ನೋಟಿಸಿನ ಮೇಲೆ ಇರುವುದು ‘ಶ್ರೀಮತಿ’. ದುರ್ನಡತೆ ಎಂದು ತೆಗೆದುಹಾಕಿದರೆ ಹೋಗುವುದು ಆಕೆಯ ಸ್ಥಾನ, ನಿಮ್ಮದಲ್ಲ, ಏಕೆಂದರೆ ನಿಮಗೆ ಸ್ಥಾನವೇ ಇರಲಿಲ್ಲ. ಜಗತ್ತಿನ ಯಾವ ಸರ್ವಾಧಿಕಾರಿಗೂ ಇಂಥ ವಿಮೆ ಸಿಕ್ಕಿಲ್ಲ. ತಿಂಗಳಿಗೆ 6 ಸಾವಿರ ಗೌರವಧನ ಆಕೆಯ ಖಾತೆಗೆ ಬೀಳುತ್ತದೆ, ಖಾತೆಯ ಎಟಿಎಂ ಕಾರ್ಡು ಅದೇ ಕೀಗೊಂಚಲಿನ ಪಕ್ಕದ ಪರ್ಸಿನಲ್ಲಿ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಹಳೆಯ ಗಾದೆ. ಇಲ್ಲಿ ಕೊಟ್ಟದ್ದು ಸಂವಿಧಾನ. ಪೂಜಾರಿ ಅವನೇ.

ಒಂದು ಎಚ್ಚರಿಕೆ. ಗಂಡನಾದ ಮಾತ್ರಕ್ಕೆ ಎಲ್ಲರಿಗೂ ಈ ಹುದ್ದೆ ಸಿಗುತ್ತದೆಂದು ತಿಳಿಯಬೇಡಿ. ಅಧ್ಯಕ್ಷ ಸ್ಥಾನ ‘ಅನುಸೂಚಿತ ಜಾತಿ ಮಹಿಳೆ’ಗೆ ಬಂದ ಕಡೆ, ಊರ ದೊಡ್ಡ ಜಮೀನುದಾರರು ತಮ್ಮ ತೋಟದಲ್ಲಿ ಕೂಲಿ ಮಾಡುವ ಹೆಣ್ಣುಮಗಳನ್ನು ನಿಲ್ಲಿಸಿ ಗೆಲ್ಲಿಸುವುದುಂಟು. ಅಲ್ಲಿ ಹೆಂಡತಿಯ ಡೋಂಗಲ್ ಗಂಡನ ಕೈಗೂ ಬರುವುದಿಲ್ಲ. ಬೆಳಿಗ್ಗೆ ತೋಟದಲ್ಲಿ ಕಳೆ ಕಿತ್ತು, ಹನ್ನೊಂದಕ್ಕೆ ಪಂಚಾಯಿತಿಗೆ ಹೋಗಿ ತೋಟದವರು ಹೇಳಿದಲ್ಲಿ ಸಹಿ ಹಾಕಿ, ಮಧ್ಯಾಹ್ನ ಮತ್ತೆ ಕಳೆ. ಧ್ವಜ ಹಾರಿಸುವ ದಿನ ಕಂಬದ ಹತ್ತಿರ ಚಪ್ಪಲಿ ಬಿಟ್ಟು ನಿಲ್ಲುವ ಅಧ್ಯಕ್ಷೆ, ಚಪ್ಪಲಿ ಹಾಕಿಕೊಂಡೇ ಹಗ್ಗ ಎಳೆಯುವ ‘ಹಿರಿಯರು’. ಕನ್ನಡದಲ್ಲಿ ‘ಯಜಮಾನ’ ಎಂಬ ಒಂದೇ ಪದ ಗಂಡನಿಗೂ ಜಮೀನಿನ ಒಡೆಯನಿಗೂ ಸಲ್ಲುವುದು ಎಷ್ಟು ಅನುಕೂಲ ನೋಡಿ, ಬೋರ್ಡು ಬದಲಿಸುವ ಖರ್ಚಿಲ್ಲ.

ಪಿಡಿಒಗಳಿಗೂ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳಿಗೂ, ಈ ವ್ಯವಸ್ಥೆ ಒಗ್ಗಿಹೋಗಿದೆ. ಅಧ್ಯಕ್ಷೆಯಾದರೆ ‘ಇದೇನು, ಅದೇನು, ಈ ಕಾಲಂನಲ್ಲಿ ಯಾಕೆ ಸೊನ್ನೆ’ ಎಂದು ಕೇಳಿ ಕೂರಬಹುದು. ಗಂಡನಾದರೆ ರಾತ್ರಿ ಒಂಬತ್ತಕ್ಕೂ ಫೋನಿಗೆ ಸಿಗುತ್ತಾನೆ, ಢಾಬಾಕ್ಕೂ ಬರುತ್ತಾನೆ. ನಮೂನೆ 9, 11ಬಿ ಎಂಬ ಇ-ಸ್ವತ್ತು ಆಸ್ತಿ ದಾಖಲೆ ಕೇಳಿಕೊಂಡು ಬಂದವರನ್ನು ‘ಅಧ್ಯಕ್ಷರನ್ನು ಒಂದು ಮಾತು ಕೇಳಿ’ ಎಂದು ಸಾಗಹಾಕಲು ಒಂದು ಗೋಡೆಯೂ ಆಯಿತು. ಇ-ಸ್ವತ್ತು ಕೊಡುವುದು ಪಿಡಿಒ ಕೆಲಸ, ಅಧ್ಯಕ್ಷೆಯದೇ ಅಲ್ಲ, ಅವಳ ಗಂಡನದಂತೂ ಅಲ್ಲವೇ ಅಲ್ಲ. ಆದರೆ ಸಾಲು ನಿಂತಿರುವುದು ಅವನ ಜಗುಲಿಯ ಮುಂದೆ.

ಸರ್ಕಾರ ಸುಮ್ಮನಿದೆ ಎಂದುಕೊಳ್ಳಬೇಡಿ. 2015ರ ಪಂಚಾಯತ್ ರಾಜ್ ದಿನದಂದು ಪ್ರಧಾನಿಯವರೇ ‘ಸರಪಂಚ ಪತಿ’ ಸಂಸ್ಕೃತಿ ನಿಲ್ಲಬೇಕು ಎಂದರು. 2023ರಲ್ಲಿ ಕೇಂದ್ರ ಸರ್ಕಾರ ಸಮಿತಿ ರಚಿಸಿತು, 2025ರಲ್ಲಿ ವರದಿ ಬಂತು. ಗಂಡಂದಿರಿಗೆ ಕಠಿಣ ದಂಡ, ಗೆದ್ದ ಹೆಂಗಸರಿಗೆ ಸಾರ್ವಜನಿಕವಾಗಿ ಪ್ರಮಾಣ ವಚನ, ಈ ಪದ್ಧತಿಯ ವಿರುದ್ಧ ನಿಂತವರಿಗೆ ವರ್ಷಕ್ಕೊಂದು ಪ್ರಶಸ್ತಿ ಎಂದೆಲ್ಲ ಶಿಫಾರಸು ಇದೆ. ಪ್ರಶಸ್ತಿ ಸ್ವೀಕರಿಸಲು ವೇದಿಕೆ ಹತ್ತುವವರು ಯಾರು ಎಂಬ ಬಗ್ಗೆ ಮಾತ್ರ ಇನ್ನೊಂದು ಸಮಿತಿ ಬೇಕಾದೀತು.

ವರದಿ ಬಂದ ಮರುತಿಂಗಳೇ, 2025ರ ಮಾರ್ಚ್‌ನಲ್ಲಿ, ಛತ್ತೀಸ್‌ಗಢದ ಕಬೀರ್‌ಧಾಮ್ ಜಿಲ್ಲೆಯ ಪರಸ್ವಾರಾ ಪಂಚಾಯಿತಿಯಲ್ಲಿ ಗೆದ್ದ ಆರು ಮಹಿಳೆಯರ ಬದಲು ಅವರ ಗಂಡಂದಿರೇ ನಿಂತು ಪ್ರಮಾಣ ವಚನ ತೆಗೆದುಕೊಂಡರು. ವಿಡಿಯೊ ಎಲ್ಲೆಡೆ ಹರಿದಾಡಿತು, ಕಾರ್ಯದರ್ಶಿ ಅಮಾನತಾದರು. ನಮ್ಮ ಕಡೆಯ ಅನುಭವಿಗಳು ಇದನ್ನು ನೋಡಿ ತಲೆ ಚಚ್ಚಿಕೊಂಡಿರಬೇಕು. ಅಯ್ಯೋ, ಪ್ರಮಾಣ ಮಾಡಬೇಕಾದವರು ಸಿಕ್ಕಿಬೀಳುವವರಲ್ಲವೇ? ಅದನ್ನೂ ಮೈಮೇಲೆ ಎಳೆದುಕೊಳ್ಳುವುದೇ?

ತರಬೇತಿಯೂ ಇದೆ. ಮೈಸೂರಿನ ಅಬ್ದುಲ್ ನಜೀರ್‌ಸಾಬ್ ಹೆಸರಿನ ಸಂಸ್ಥೆ ಪುಸ್ತಕ ಕೊಟ್ಟು, ಊಟ ಹಾಕಿ, ಬಜೆಟ್ಟಿನಿಂದ ಸ್ಥಾಯಿ ಸಮಿತಿಯವರೆಗೆ ಕಲಿಸುತ್ತದೆ. ಅಲ್ಲಿಗೆ ಹೆಂಡತಿಯನ್ನು ಒಬ್ಬಳೇ ಕಳುಹಿಸುವುದು ಈ ಹುದ್ದೆಯಲ್ಲಿ ಆಗಬಹುದಾದ ಅತಿ ದೊಡ್ಡ ಪ್ರಮಾದ. ಆಕೆ ಅಲ್ಲಿ ಬೇರೆ ತಾಲ್ಲೂಕುಗಳ ಅಧ್ಯಕ್ಷೆಯರನ್ನು ನೋಡುತ್ತಾಳೆ. ಅವರಲ್ಲಿ ಗಂಡನ ಹುದ್ದೆಯನ್ನು ಖಾಲಿಯೇ ಇಟ್ಟುಕೊಂಡವರು ಇರುತ್ತಾರೆ. ಚಹಾ ಬಿಡುವಿನಲ್ಲಿ ನಂಬರು ಬದಲಾಗುತ್ತವೆ. ಆ ನಂಬರುಗಳು ನಿಮ್ಮ ಫೋನಿನಲ್ಲಿ ಇರುವುದಿಲ್ಲ.

ಯಂತ್ರ ಕೆಡುವುದು ಸಾಮಾನ್ಯವಾಗಿ ಹೀಗೇ. ಅದರಲ್ಲೂ ಸ್ತ್ರೀಶಕ್ತಿ ಸಂಘದಲ್ಲಿ ಐದಾರು ವರ್ಷ ಪುಸ್ತಕ ಬರೆದ ಹೆಂಗಸನ್ನು ಅಧ್ಯಕ್ಷೆ ಮಾಡಿದ್ದರೆ ಬಹಳ ಜೋಪಾನ. ಇಪ್ಪತ್ತು ಜನರ ವಾರದ ಉಳಿತಾಯ, ಒಳಸಾಲ, ಬಡ್ಡಿ, ಬಾಕಿ ಎಲ್ಲ ಪೈಸೆ ಸಮೇತ ಕೂಡಿ ಕಳೆದವಳಿಗೆ ಪಂಚಾಯಿತಿಯ ನಗದು ಪುಸ್ತಕ ಕಷ್ಟವಲ್ಲ. ಒಂದು ರಾತ್ರಿ ಸಹಿ ಹಾಕುವ ಮುಂಚೆ ಪುಟ ಹಿಂದಕ್ಕೆ ತಿರುವಿ, ‘ರೀ, ಈ ಮೋಟಾರು ಯುಗಾದಿಗೂ ಸುಟ್ಟಿತ್ತಲ್ವ?’ ಎಂದು ಕೇಳುತ್ತಾಳೆ. ಈ ಪ್ರಶ್ನೆಗೆ ಕೆಮ್ಮು ಸಾಲದು.

ಮರುವಾರ ಆಪರೇಟರಿನ ಫೋನು: ‘ಅಣ್ಣಾ, ಪಿನ್ ತಗೊಳ್ತಿಲ್ಲ.’ ಪ್ಲಾಸ್ಟರಿನ ಮೇಲಿನ ಅಂಕಿಯನ್ನೇ ಒತ್ತುತ್ತಾರೆ, ಮತ್ತೆ ಒತ್ತುತ್ತಾರೆ, ಮಗನ ಹುಟ್ಟಿದ ವರ್ಷ ಒತ್ತುತ್ತಾರೆ. ಪದೇ ಪದೇ ತಪ್ಪು ಒತ್ತಿದರೆ ಡೋಂಗಲ್ ಲಾಕ್. ಹೊಸ ಡಿಜಿಟಲ್ ಸಹಿಗೆ ಅರ್ಜಿ ಹಾಕಿದರೆ ಒಟಿಪಿ ಬೇಕು, ಅದರ ಮೇಲೆ ವಿಡಿಯೊ ಪರಿಶೀಲನೆ: ಯಾರ ಹೆಸರಿದೆಯೋ ಅವರೇ ಕ್ಯಾಮೆರಾ ಮುಂದೆ ಕೂತು, ಮುಖ ತೋರಿಸಿ, ಹೆಸರು ಹೇಳಬೇಕು. ಯಜಮಾನರು ತಲೆ ಬಾಚಿಕೊಂಡು ಕೂರುತ್ತಾರೆ. ಪರದೆಯ ಆ ಕಡೆಯಿಂದ ಯಾವುದೋ ಊರಿನ ಹುಡುಗಿಯೊಬ್ಬಳು ಕೇಳುತ್ತಾಳೆ: ‘ಸರ್, ಸ್ವಲ್ಪ ಪಕ್ಕಕ್ಕೆ ಸರೀತೀರಾ? ಅಧ್ಯಕ್ಷರು ಕಾಣ್ತಿಲ್ಲ.’