ಮುದಿ ಬೆಕ್ಕಿನ ಕೂದಲು ಉದುರಿದರೆ ಮುಲಾಮು ಸಾಲದು

ಮಳೆಗಾಲ ಹಿಡಿದರೆ ನಮ್ಮ ಕರಾವಳಿಯ ಬೆಕ್ಕುಗಳಿಗೆ ಫಂಗಸ್, ಚಿಗಟ, ಕಜ್ಜಿ ತಪ್ಪಿದ್ದಲ್ಲ. ಉಡುಪಿಯಲ್ಲಿ ಬೆಕ್ಕು ಸಾಕುವ ನಾವು ಇದಕ್ಕೆ ಎಷ್ಟು ಒಗ್ಗಿಹೋಗಿದ್ದೇವೆಂದರೆ, ಹನ್ನೆರಡು ದಾಟಿದ ಬೆಕ್ಕಿನ ಕೂದಲು ಉದುರಿದಾಗಲೂ ಮೆಡಿಕಲ್‌ನವರಿಗೆ ಮೊಬೈಲಿನಲ್ಲಿ ಫೋಟೋ ತೋರಿಸಿ ಒಂದು ಟ್ಯೂಬ್ ತಂದುಬಿಡುತ್ತೇವೆ. ನನ್ನ ತಕರಾರು ಇರುವುದು ಈ ಅಭ್ಯಾಸದ ಬಗ್ಗೆ.

ನೆರೆಮನೆಯ ಅಕ್ಕ ಸಾಕಿದ್ದ ಬೆಕ್ಕಿಗೆ ಹೊಟ್ಟೆಯ ಕೂದಲೆಲ್ಲ ಹೋಗಿ, ಬರಿದಾದ ಚರ್ಮ ಎಣ್ಣೆ ಸವರಿದ ಬಾಳೆಲೆಯಂತೆ ಹೊಳೆಯುತ್ತಿತ್ತು. ತೊಡೆಯ ಕೂದಲನ್ನು ಮೆಲ್ಲಗೆ ಹಿಡಿದರೂ ಬೆರಳಿಗೆ ಗೊಂಚಲಾಗಿ ಬರುತ್ತಿತ್ತು. ಬಂಗುಡೆಯ ವಾಸನೆಗೂ ಅದು ಏಳುತ್ತಿರಲಿಲ್ಲ. ಪಶುವೈದ್ಯರು ಚರ್ಮವನ್ನು ನೋಡಿದ ಮೇಲೆ ಹೊಟ್ಟೆಯ ಸ್ಕ್ಯಾನ್ ಮಾಡಿಸಿದರು. ಗಡ್ಡೆ ಇದ್ದುದು ಮೇದೋಜೀರಕ ಗ್ರಂಥಿಯಲ್ಲಿ.

ವೈದ್ಯಶಾಸ್ತ್ರಕ್ಕೆ ಇದು ಹೊಸತಲ್ಲ. ವಯಸ್ಸಾದ ಬೆಕ್ಕುಗಳಲ್ಲಿ ಮೇದೋಜೀರಕ ಗ್ರಂಥಿಯ ಅಥವಾ ಪಿತ್ತನಾಳದ ಕ್ಯಾನ್ಸರ್ ಇದ್ದಾಗ, ಕ್ಯಾನ್ಸರ್ ಚರ್ಮಕ್ಕೆ ಹರಡದೆಯೇ, ಹೊಟ್ಟೆ ಮತ್ತು ಕಾಲುಗಳ ಕೂದಲು ಕೆಲವೇ ವಾರಗಳಲ್ಲಿ ಉದುರಬಹುದು; ಜೊತೆಗೆ ತೂಕ ಇಳಿಯುತ್ತದೆ, ಪಾದದ ಮೆತ್ತೆಗಳು ಒಣಗಿ ಬಿರಿಯುವುದೂ ಉಂಟು. ಬೆಕ್ಕು ಆ ಜಾಗವನ್ನು ನೆಕ್ಕುತ್ತಲೇ ಇರುವುದರಿಂದ ನೋಡಿದವರು ಅಲರ್ಜಿ ಎಂದುಕೊಳ್ಳುತ್ತಾರೆ. ಮೇಲೆ ಯೀಸ್ಟ್ ಸೋಂಕು ಸೇರಿದರಂತೂ ಮುಲಾಮಿನಿಂದ ತುಸು ಗುಣ ಕಂಡು, ಒಳಗಿನ ರೋಗ ಇನ್ನಷ್ಟು ದಿನ ಮರೆಯಲ್ಲಿ ಉಳಿಯುತ್ತದೆ. ಇದು ಅಪರೂಪದ ರೋಗ, ಒಪ್ಪುತ್ತೇನೆ. ಆದರೆ ಮುದಿ ಬೆಕ್ಕು, ಇಳಿಯುವ ತೂಕ, ಹೊಳೆಯುವ ಚರ್ಮ ಈ ಮೂರೂ ಒಟ್ಟಿಗೆ ಕಂಡಮೇಲೆ ಅಪರೂಪವೆಂದು ಸುಮ್ಮನಿರುವುದಕ್ಕೆ ಅರ್ಥವಿಲ್ಲ.

ಹೊಟ್ಟೆಯ ಈ ಕ್ಯಾನ್ಸರ್ ಪತ್ತೆಯಾಗುವ ಹೊತ್ತಿಗೆ ಬಹುಪಾಲು ಹರಡಿರುತ್ತದೆ ಎಂಬುದು ನಿಜ. ಹಾಗೆಂದು ಪರೀಕ್ಷೆಯೇ ವ್ಯರ್ಥ ಎನ್ನುವವರ ಮಾತನ್ನು ನಾನು ಒಪ್ಪಲಾರೆ. ನೋವು ಕಡಿಮೆ ಮಾಡುವ ಆರೈಕೆಯನ್ನು ಬೇಗ ಶುರುಮಾಡಬಹುದು, ಕಹಿ ಔಷಧಿ ಹಚ್ಚಿ ಅದನ್ನು ಗೋಳುಹೊಯ್ದುಕೊಳ್ಳುವುದಾದರೂ ತಪ್ಪುತ್ತದೆ. ಮೇಲಾಗಿ ಎಲ್ಲವೂ ಕೈಮೀರಿದ ರೋಗಗಳಲ್ಲ. ತಲೆ, ಕಿವಿಯಿಂದ ಶುರುವಾಗಿ ಮೈಯೆಲ್ಲ ಹೊಟ್ಟು ಏಳುವ, ಆರಂಭದಲ್ಲಿ ಅಷ್ಟಾಗಿ ತುರಿಕೆಯಿಲ್ಲದ ಒಂದು ಬಗೆಯ ಚರ್ಮರೋಗಕ್ಕೆ ಎದೆಯೊಳಗಿನ ಥೈಮಸ್ ಗ್ರಂಥಿಯ ಗಡ್ಡೆ ಕಾರಣವಾಗಿರಬಹುದು. ಆ ಗಡ್ಡೆಯನ್ನು ಶಸ್ತ್ರಚಿಕಿತ್ಸೆಯಿಂದ ಪೂರ್ತಿ ತೆಗೆದರೆ ಚರ್ಮವೂ ಸರಿಹೋದ ಉದಾಹರಣೆಗಳಿವೆ.

ಇನ್ನೊಂದು, ಉಗುರಿನ ಬುಡದ ಬಾವು. ಒಂದಕ್ಕಿಂತ ಹೆಚ್ಚು ಬೆರಳು ಊದಿ, ಉಗುರು ಸೊಟ್ಟಗಾಗಿ, ಬೆಕ್ಕು ಕುಂಟುತ್ತಿದ್ದರೆ ಅದು ಶ್ವಾಸಕೋಶದ ಕ್ಯಾನ್ಸರ್ ಬೆರಳಿಗೆ ಹರಡಿದ್ದಿರಬಹುದು. ಮುದಿ ಬೆಕ್ಕಿನ ಬೆರಳು ಕತ್ತರಿಸುವ ಮಾತು ಬಂದರೆ, ಒಪ್ಪಿಗೆ ಕೊಡುವ ಮೊದಲು ಎದೆಯ ಎಕ್ಸ್‌ರೇ ಮಾಡಿಸಿ ಎಂದು ಕೇಳಲು ಸಂಕೋಚಪಡಬೇಡಿ.