ಬೆಡ್ ಬದಲಾದಾಗ ಮಾತೂ ಜೊತೆಗೆ ಹೋಗಲಿ

ಕಳೆದ ಮಳೆಗಾಲದಲ್ಲಿ ಅಪ್ಪ ತೋಟದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಚೆನ್ನಾಗಿಯೇ ಆಯಿತು. ತೊಂದರೆ ಆಗಿದ್ದು ಮೂರನೇ ದಿನ, ಒಂದು ವಾರ್ಡಿನಿಂದ ಇನ್ನೊಂದಕ್ಕೆ ಶಿಫ್ಟ್ ಮಾಡುವಾಗ. ಆಸ್ಪತ್ರೆಯ ಹೆಸರು ಹೇಳುವುದಿಲ್ಲ, ಇದು ಎಲ್ಲಿ ಬೇಕಾದರೂ ಆಗಬಹುದು.

ಸಂಜೆ ಏಳೂವರೆ. ಸಿಸ್ಟರ್‌ಗಳ ಡ್ಯೂಟಿ ಬದಲಾಗುವ ಹೊತ್ತು. ಅಪ್ಪನಿಗೆ ಶುಗರ್ ಇದೆ. ಊಟಕ್ಕೆ ಮುಂಚಿನ ಇನ್ಸುಲಿನ್ ಕೊಟ್ಟಾಗಿತ್ತು. ಅಷ್ಟರಲ್ಲಿ ಕೆಳಗೆ ಬೆಡ್ ಖಾಲಿಯಾಗಿದೆ ಅಂತ ಫೋನ್ ಬಂತು. ಅಟೆಂಡರ್ ಸ್ಟ್ರೆಚರ್ ತಂದರು. ಕೇಸ್ ಶೀಟನ್ನು ಅಪ್ಪನ ಕಾಲ ಹತ್ತಿರ ಇಟ್ಟು ಹೊರಟೆವು. ಕೆಳಗಿನ ಸಿಸ್ಟರ್ ಕೇಳಿದ್ದು ಒಂದೇ ಮಾತು: "ಮೂಳೆ ಆಪರೇಷನ್ ಕೇಸಾ? ಆ ಬೆಡ್ಡಲ್ಲಿ ಮಲಗಿಸಿ."

ಊಟ ಹಳೆಯ ಬೆಡ್ಡಿಗೇ ಹೋಯಿತು. ಒಂಬತ್ತು ಗಂಟೆಗೆ ಅಪ್ಪ ಮೈಯೆಲ್ಲ ಬೆವರಿ, ಕೈ ನಡುಗಿ, ಏನೇನೋ ಮಾತಾಡತೊಡಗಿದರು. ನಾನು ಓಡಿಹೋಗಿ ಕರೆದೆ. ಶುಗರ್ 52ಕ್ಕೆ ಇಳಿದಿತ್ತು. ಗ್ಲೂಕೋಸ್ ಕೊಟ್ಟ ಮೇಲೆ ಸರಿಹೋದರು. ನಾನು ಪಕ್ಕದಲ್ಲಿ ಇಲ್ಲದಿದ್ದರೆ?

ಆ ಸಿಸ್ಟರ್ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಯಾರೂ ಹೇಳಿರಲಿಲ್ಲ. ಮೇಲಿನ ವಾರ್ಡಿನವರು "ಶೀಟಲ್ಲಿ ಬರೆದಿದೆಯಲ್ಲ" ಅಂದರು. ಬರೆದಿತ್ತು, ನಿಜ. ಆದರೆ ಒಬ್ಬರೇ ಇಡೀ ವಾರ್ಡ್ ನೋಡಿಕೊಳ್ಳುವಾಗ, ಶೀಟ್ ಬಿಡಿಸಿ ಓದಲು ಪುರುಸೊತ್ತು ಎಲ್ಲಿರುತ್ತದೆ?

ನಮ್ಮ ತೋಟದಲ್ಲಿ ಕಾಫಿ ಹಣ್ಣು ತೂಗುವಾಗ ರೈಟರ್ ಕಿಲೋ ಎಷ್ಟೆಂದು ಜೋರಾಗಿ ಹೇಳುತ್ತಾರೆ. ಕೊಯ್ದವರು ಹೌದು ಅಂದ ಮೇಲೇ ಪುಸ್ತಕಕ್ಕೆ ಬರೆಯುವುದು. ಒಂದು ಚೀಲ ಹಣ್ಣಿಗೆ ಇರುವ ಈ ಕ್ರಮ ಒಬ್ಬ ಮನುಷ್ಯನಿಗೂ ಬೇಕು, ಅಲ್ವಾ?

ಇದು ಹೊಸ ಮಾತೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ರೋಗಿಗಳ ಸುರಕ್ಷತೆಗೆ ಒಂಬತ್ತು ದಾರಿ ಸೂಚಿಸಿತು. ರೋಗಿಯನ್ನು ಒಬ್ಬರಿಂದ ಇನ್ನೊಬ್ಬರಿಗೆ ಒಪ್ಪಿಸುವಾಗ ಆಡುವ ಮಾತು ಅದರಲ್ಲಿ ಒಂದು. ಅಲ್ಲಿ ಹೇಳಿರುವ 'ಎಸ್‌ಬಾರ್' ಕ್ರಮ ತುಂಬಾ ಸರಳ. ಈಗ ಏನಾಗಿದೆ, ಹಿಂದೆ ಏನಾಗಿತ್ತು, ನನಗೆ ಏನನ್ನಿಸುತ್ತದೆ, ಇನ್ನು ಏನು ಮಾಡಬೇಕು. ಕೇಳಿದವರು ಅದನ್ನೇ ತಿರುಗಿ ಹೇಳಬೇಕು. ಎರಡು ನಿಮಿಷ ಸಾಕು. ಅಮೆರಿಕ, ಕೆನಡಾದ 9 ಆಸ್ಪತ್ರೆಗಳಲ್ಲಿ ಮಕ್ಕಳ ವಾರ್ಡಿನ ಡಾಕ್ಟರುಗಳು ಇಂಥದ್ದೇ ಒಂದು ಕ್ರಮ ಕಲಿತ ಮೇಲೆ, ತಪ್ಪಿಸಬಹುದಾದ ಅನಾಹುತಗಳು ಶೇಕಡಾ 30ರಷ್ಟು ಕಡಿಮೆಯಾದವು ಅಂತ 2014ರಲ್ಲಿ ವರದಿಯಾಯಿತು.

ನಮ್ಮ ಕೊಡಗಿನಲ್ಲಿ ಇದು ಇನ್ನೂ ಜಾಸ್ತಿ ಬೇಕು. ಅಪ್ಪನ ಎದುರು ಬೆಡ್ಡಿನಲ್ಲಿ ಅಸ್ಸಾಂನಿಂದ ತೋಟದ ಕೆಲಸಕ್ಕೆ ಬಂದ ಹುಡುಗನಿದ್ದ. ಪಕ್ಕದಲ್ಲಿ ಕೊಡವ ತಕ್ಕ್ ಬಿಟ್ಟು ಬೇರೆ ಬಾರದ ಅಜ್ಜಿ. ತಮಗೆ ಯಾವ ಇಂಜೆಕ್ಷನ್ ಆಗಿದೆ ಅಂತ ಇವರು ಯಾವ ಭಾಷೆಯಲ್ಲಿ, ಯಾರಿಗೆ ಹೇಳಬೇಕು? ಅವರ ಪರವಾಗಿ ಸಿಬ್ಬಂದಿಯೇ ಮಾತಾಡಬೇಕು.

ಅಟೆಂಡರ್‌ಗಳನ್ನೂ ಈ ಮಾತಿಗೆ ಸೇರಿಸಿಕೊಳ್ಳಿ. ಮುರಿದ ಸೊಂಟ ಯಾವ ಕಡೆ ಅಂತ ಅಪ್ಪನನ್ನು ಎತ್ತಿದವರಿಗೆ ಗೊತ್ತಿರಲಿಲ್ಲ. ಒಬ್ಬರು "ಮೂರು" ಅನ್ನುವ ಮೊದಲೇ ಇನ್ನೊಬ್ಬರು ಎಳೆದರು. ಯೂರಿನ್ ಪೈಪ್ ಸ್ಟ್ರೆಚರಿನ ಕಂಬಿಗೆ ಸಿಕ್ಕಿತ್ತು. ಅಪ್ಪ ಕೂಗಿದ್ದು ಇನ್ನೂ ಕಿವಿಯಲ್ಲಿದೆ.

ಎರಡು ದಿನ ಕಳೆದು ಮತ್ತೆ ಬೆಡ್ ಬದಲಾಯಿತು. ಈ ಸಲ ಒಬ್ಬ ಚಿಕ್ಕ ವಯಸ್ಸಿನ ಸಿಸ್ಟರ್ ತಾವೇ ಜೊತೆಗೆ ಬಂದರು. ಅಪ್ಪನ ಪಕ್ಕ ನಿಂತು, ಹೆಸರು ಹೇಳಿ, "ಶುಗರ್ ಇದೆ, ಇನ್ಸುಲಿನ್ ಈಗಷ್ಟೇ ಕೊಟ್ಟಿದ್ದೇನೆ, ಊಟ ಇನ್ನೂ ಆಗಿಲ್ಲ, ಎಡಗಾಲು ಜೋಪಾನ" ಅಂದರು. ಅಲ್ಲಿನವರು ಅದನ್ನೇ ತಿರುಗಿ ಹೇಳಿದರು. ಆಮೇಲೆ ಜೊತೆಗೆ ಬಂದ ಆ ಸಿಸ್ಟರ್ ಅಪ್ಪನ ಕಡೆ ತಿರುಗಿ, "ಅಂಕಲ್, ನಾನು ಏನಾದರೂ ಬಿಟ್ಟೆನಾ?" ಅಂತ ಕೇಳಿದರು.